ಹಿಂದಿನ ಮನೆ ಮೂರಂತಸ್ತಾದ ಮೇಲೆ ನಮ್ಮ ಹಿತ್ತಲಿಗೆ ಮರೆ ಕಟ್ಟಿದ್ದು

ಹಿತ್ತಲಿಗೆ ಮರೆ ಬೇಕು ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು, ಕಾಂಪೌಂಡ್ ಎತ್ತರ ಮಾಡಿಸಿಬಿಡಿ. ಮೇಸ್ತ್ರಿ ಹೇಳಿದರು, ನಮ್ಮ ಭಾವ ಹೇಳಿದರು, ಗೇಟಿನ ಹತ್ತಿರ ತರಕಾರಿ ಗಾಡಿ ನಿಲ್ಲಿಸುವವರೂ ಹೇಳಿದರು. ನಾಲ್ಕು ವರಸೆ ಬ್ಲಾಕ್ ಏರಿಸಿದರೆ ಮುಗೀತು ಅಂತ. ನಾನು ಏರಿಸಲಿಲ್ಲ. ಕಾಂಪೌಂಡಿಗೆ ಕೈಯನ್ನೇ ಹಚ್ಚಲಿಲ್ಲ. ಅದರಿಂದ ಹತ್ತು ಅಡಿ ಒಳಗೆ, ನಾವು ಕೂರುವ ಜಾಗದ ಪಕ್ಕದಲ್ಲೇ, ಏಳು ಅಡಿ ಎತ್ತರದ ಓರೆ ಪಟ್ಟಿಯ ಬೇಲಿ ಹಾಕಿಸಿದೆ. ನೋಡಿದವರು ಮೊದಲು ನಕ್ಕರು, ಬೇಲಿ ಅಂದರೆ ಗಡಿಯಲ್ಲಿ ಇರೋದಲ್ವಾ ಅಂತ. ಯಾಕೆ ಹಾಗೆ ಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅಳತೆಗಳ ಸಮೇತ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 40×60 ಸೈಟು. ಮಾವನವರು ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ದಕ್ಷಿಣಕ್ಕೆ ರಸ್ತೆ, ಉತ್ತರಕ್ಕೆ ಹಿತ್ತಲು. ಆ ಕಾಲದವರು ಜಾಗ ಧಾರಾಳವಾಗಿ ಬಿಡುತ್ತಿದ್ದರು, ಹಾಗಾಗಿ ಹಿಂದೆ ಹದಿನೆಂಟು ಅಡಿ ಇದೆ. ತೆಂಗಿನಮರ, ಕರಿಬೇವು, ಎರಡು ಬಾಳೆ, ಒಗೆಯುವ ಕಲ್ಲು, ಒಂದು ಕಲ್ಲು ಬೆಂಚು. ಹಿಂದಿನ ಸೈಟಿನಲ್ಲಿದ್ದ ಹಂಚಿನ ಮನೆ ಮಾರಾಟವಾಗಿ ಅಲ್ಲಿ ನೆಲಮಹಡಿ ಸೇರಿ ಮೂರಂತಸ್ತು ಎದ್ದಿತು. ಬಾಲ್ಕನಿಗಳೆಲ್ಲ ನಮ್ಮ ಹಿತ್ತಲ ಕಡೆಗೆ. ಅತ್ತೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುವುದು, ನಾನು ನೈಟಿಯಲ್ಲೇ ಬಟ್ಟೆ ಹಿಂಡುವುದು, ಸಂಡಿಗೆ ಇಡುವುದು, ಎಲ್ಲ ಅಲ್ಲೇ. ಅದೆಲ್ಲ ನಿಂತುಹೋಯಿತು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ತಲೆ ಬಾಚುವುದನ್ನು ಒಳಗಿನ ರೂಮಿಗೆ ಬದಲಾಯಿಸಿಕೊಂಡರು.

ಮೊದಲು ಮಾಡಿದ ಕೆಲಸ, ಒಂದು ಹಾಳೆಯಲ್ಲಿ ಹಿತ್ತಲಿನ ನಕ್ಷೆ ಬರೆದದ್ದು. ಒಂದು ಅಡಿಗೆ ಒಂದು ಚೌಕ, ಮಕ್ಕಳ ಗಣಿತದ ಗ್ರಾಫ್ ಪುಸ್ತಕದ ಹಾಳೆ ಸಾಕು. ಅದರ ಮೇಲೆ ಯಾವ ಜಾಗಕ್ಕೆ ಮರೆ ಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಆಗ ಗೊತ್ತಾಗಿದ್ದು, ಇಡೀ ಹಿತ್ತಲಿಗೆ ಮರೆ ಬೇಕಾಗಿಯೇ ಇಲ್ಲ. ತೆಂಗಿನಮರವನ್ನು ಯಾರು ಬೇಕಾದರೂ ನೋಡಲಿ. ಗೊಬ್ಬರದ ಗುಂಡಿಯನ್ನೂ ನೋಡಲಿ. ಬೇಕಿರುವುದು ಬೆಂಚು ಮತ್ತು ಒಗೆಯುವ ಕಲ್ಲಿಗೆ, ಅಂದರೆ ಹತ್ತು ಹನ್ನೆರಡು ಅಡಿ ಅಗಲದ ಜಾಗಕ್ಕೆ. ಯಾರಿಂದ ಅನ್ನುವುದೂ ಮುಖ್ಯ. ಪೂರ್ವದ ಪಕ್ಕದ ಮನೆ ಒಂದೇ ಅಂತಸ್ತು, ನಡುವೆ ಮಾವಿನಮರ ಬೇರೆ, ಅಲ್ಲಿಂದ ತೊಂದರೆ ಇಲ್ಲ. ಪಶ್ಚಿಮದವರ ಮೆಟ್ಟಿಲು ಮಾತ್ರ ನಮ್ಮ ಕಡೆಗೆ ತಿರುಗುತ್ತದೆ. ಉಳಿದದ್ದೆಲ್ಲ ಉತ್ತರದ ಆ ಮೂರಂತಸ್ತಿನ ಕಣ್ಣುಗಳು.

ಆಮೇಲೆ ನೇರವಾಗಿ ಹಿಂದಿನ ಮನೆಗೇ ಹೋದೆ. ಮಾಲೀಕರು ಮೊದಲ ಮಹಡಿಯಲ್ಲಿದ್ದಾರೆ. "ಅಂಕಲ್, ನಿಮ್ಮ ಬಾಲ್ಕನಿಯಿಂದ ಒಂದು ದಾರ ಇಳಿಬಿಡಬೇಕು, ಒಂದ್ಸಲ ಬರ್ಲಾ?" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆಂಟಿಗೆ ಆಯಿತು. "ಬನ್ನಿ ಬನ್ನಿ, ನಮಗೂ ಮುಜುಗರ ಕಣ್ರೀ. ಬಟ್ಟೆ ಹರಡೋಕೆ ಬಂದ್ರೆ ನಿಮ್ಮತ್ತೆ ಕಾಣ್ತಾರೆ, ಮುಖ ಎಲ್ಲಿ ತಿರುಗಿಸೋದು ಗೊತ್ತಾಗಲ್ಲ" ಅಂದರು. ಈ ಮಾತು ನನಗೆ ದೊಡ್ಡ ಸಮಾಧಾನ ಕೊಟ್ಟಿತು, ಯಾಕೆಂದರೆ ಮರೆ ಕಟ್ಟಿದರೆ ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೇನೋ ಅಂತ ಅಳುಕಿತ್ತು.

ದಾರದ ಕೆಲಸ ಹೀಗೆ. ಗಾರೆ ಕೆಲಸದವರು ಬಳಸುವ ನೈಲಾನ್ ದಾರದ ಒಂದು ತುದಿಯನ್ನು ಆಂಟಿ ಬಾಲ್ಕನಿಯಲ್ಲಿ ನಿಂತು ತಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದುಕೊಂಡರು. ಇನ್ನೊಂದು ತುದಿ ನನ್ನ ಮಗಳ ಕೈಯಲ್ಲಿ. ಅವಳು ಬೆಂಚಿನ ಮೇಲೆ ಕೂತು ತಲೆಯ ಮಟ್ಟಕ್ಕೆ ಹಿಡಿದಳು. ದಾರ ಬಿಗಿಯಾಗಿ ಎಳೆದಾಗ ಅದೇ ನೋಟದ ಗೆರೆ. ಆ ಗೆರೆಗಿಂತ ಮೇಲೆ ಬೇಲಿಯ ತಲೆ ಇದ್ದರೆ ಕಾಣುವುದಿಲ್ಲ, ಕೆಳಗಿದ್ದರೆ ಕಾಣುತ್ತದೆ, ಅಷ್ಟೇ ವಿಷಯ. ನಾನು ಅಡಿ ಅಡಿಗೆ ಸುಣ್ಣದ ಗುರುತು ಹಾಕಿದ್ದ ಒಂದು ಗಳವನ್ನು ನೆಟ್ಟಗೆ ಹಿಡಿದು, ಕಾಂಪೌಂಡಿನ ಹತ್ತಿರದಿಂದ ಬೆಂಚಿನವರೆಗೆ ನಿಧಾನಕ್ಕೆ ನಡೆದು, ದಾರ ಗಳಕ್ಕೆ ತಗಲುವ ಎತ್ತರ ಬರೆದುಕೊಂಡೆ. ಬಾಲ್ಕನಿಯ ನಡುವಿನಿಂದ ಒಮ್ಮೆ, ಎರಡೂ ತುದಿಗಳಿಂದ ಒಮ್ಮೊಮ್ಮೆ. ತುದಿಗಳನ್ನು ಬಿಡಬೇಡಿ. ಎದುರಿನಿಂದ ಪೂರ್ತಿ ಮರೆಯಾದ ಜಾಗ ಬಾಲ್ಕನಿಯ ಮೂಲೆಯಿಂದ ಓರೆಯಾಗಿ ನೋಡಿದರೆ ಬಯಲಾಗುತ್ತದೆ. ಬೇಲಿ ಎಷ್ಟು ಉದ್ದ ಬೇಕು ಅನ್ನುವುದು ಈ ಓರೆ ದಾರಗಳಿಂದಲೇ ತೀರ್ಮಾನವಾಗುವುದು.

ಲೆಕ್ಕ ಹೇಳುತ್ತೇನೆ. ಮೊದಲ ಮಹಡಿಯಲ್ಲಿ ನಿಂತವರ ಕಣ್ಣು ನಮ್ಮ ನೆಲದಿಂದ 16 ಅಡಿ ಎತ್ತರ. ಬಾಲ್ಕನಿ ಕಾಂಪೌಂಡಿನಿಂದ ಆಚೆಗೆ 5 ಅಡಿ. ಬೆಂಚು ಈಚೆಗೆ 13 ಅಡಿ. ಕೂತವರ ತಲೆ 4 ಅಡಿ. ಅಂದರೆ 18 ಅಡಿ ದೂರದಲ್ಲಿ ದಾರ 12 ಅಡಿ ಇಳಿಯುತ್ತದೆ, ಅಡಿಗೆ 8 ಇಂಚು. ಕಾಂಪೌಂಡಿನ ಹತ್ತಿರ ದಾರದ ಎತ್ತರ 12 ಅಡಿ 8 ಇಂಚು. ಅದೇ ಬೆಂಚಿನಿಂದ ಮೂರು ಅಡಿ ದೂರದಲ್ಲಿ ಬರೀ 6 ಅಡಿ! ಗಡಿಯಲ್ಲಿ ಕಟ್ಟಿದರೆ ಹದಿಮೂರು ಅಡಿ ಗೋಡೆ ಬೇಕು, ಬೆಂಚಿನ ಪಕ್ಕ ಕಟ್ಟಿದರೆ ಅದರ ಅರ್ಧ ಸಾಕು. ನಾಲ್ಕು ವರಸೆ ಬ್ಲಾಕ್ ಏರಿಸಿದ್ದರೆ ದುಡ್ಡು ಹೋಗಿ, ಗಾಳಿ ಹೋಗಿ, ಆಂಟಿಗೆ ಅತ್ತೆ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತಿದ್ದರು.

ಎರಡನೇ ಮಹಡಿಯ ಕಣ್ಣು 26 ಅಡಿ. ಅದಕ್ಕೆ ಬೆಂಚನ್ನೇ ಒಂದು ಅಡಿ ಮುಂದಕ್ಕೆ, ಅಂದರೆ ಬೇಲಿಯಿಂದ ಎರಡು ಅಡಿಗೆ ತಂದೆ. ಆಗ ಬೇಕಾದ ಎತ್ತರ 6 ಅಡಿ 7 ಇಂಚು ಆಗುತ್ತದೆ. ಬೇಲಿ ಏಳು ಅಡಿ ಇಟ್ಟುಕೊಂಡರೆ ಎರಡೂ ಮಹಡಿ ಮುಗಿಯಿತು. ಒಗೆಯುವ ಕಲ್ಲು ಬೇಲಿಯಿಂದ ಒಂದೂವರೆ ಅಡಿ. ನಿಂತವರ ನೆತ್ತಿ ಎರಡನೇ ಮಹಡಿಗೆ ಸ್ವಲ್ಪ ಕಂಡರೆ ಕಾಣಲಿ, ನೆತ್ತಿ ನೋಡಿ ಏನು ಮಾಡುತ್ತಾರೆ.

ಉಳಿದದ್ದು ಟೆರೇಸು. ಅಲ್ಲಿಂದ ನೋಟ ಎಷ್ಟು ಕಡಿದಾಗಿ ಬೀಳುತ್ತದೆ ಅಂದರೆ ಏಳು ಅಡಿ ಬೇಲಿಯನ್ನು ಹಾರಿ ಬೆಂಚಿಗೆ ಬರುತ್ತದೆ. ಇದಕ್ಕೆ ಬೇಲಿ ಏರಿಸುತ್ತಾ ಹೋಗುವುದು ದಡ್ಡತನ. ಮೇಲಿನಿಂದ ಬರುವ ನೋಟಕ್ಕೆ ಚಪ್ಪರವೇ ಸರಿ. ಬೇಲಿಯ ತಲೆಯಿಂದ ಮನೆಯ ಕಡೆಗೆ ನಾಲ್ಕು ಅಡಿ ಚಾಚಿದ ಸಣ್ಣ ಚಪ್ಪರ ಸೇರಿಸಿದೆ, ಬೆಂಚಿನ ಮೇಲೆ ಮಾತ್ರ. ಬೆಳಗಿನ ಬಿಸಿಲು ಪೂರ್ವದಿಂದ ಅಡ್ಡಡ್ಡ ಬರುವುದರಿಂದ ಅದಕ್ಕೆ ಚಪ್ಪರ ಅಡ್ಡಿಯಿಲ್ಲ. ಪೂರ್ವದ ಬದಿ ಪೂರ್ತಿ ತೆರೆದಿಟ್ಟು, ಬೇಲಿಯ ಚಿಕ್ಕ ತೋಳನ್ನು ಪಶ್ಚಿಮಕ್ಕೆ ತಿರುಗಿಸಿದೆ, ಮೆಟ್ಟಿಲಿನ ಕಡೆಗೆ. ಉತ್ತರಕ್ಕೆ ಹನ್ನೆರಡು ಅಡಿ, ಪಶ್ಚಿಮಕ್ಕೆ ಆರು ಅಡಿ, ಎಲ್ ಆಕಾರ. ಈಶಾನ್ಯ ಖಾಲಿ ಉಳಿಯಿತು ಅಂತ ವಾಸ್ತು ನೋಡುವ ನಮ್ಮ ಚಿಕ್ಕಮ್ಮನಿಗೂ ಖುಷಿ. ನಾನು ಬಿಸಿಲಿಗಾಗಿ ಬಿಟ್ಟಿದ್ದು, ಹೇಳಲು ಹೋಗಲಿಲ್ಲ.

ಗಡಿಯಲ್ಲಿ ಎತ್ತರ ಏರಿಸದೆ ಇರುವುದಕ್ಕೆ ಕಾನೂನಿನ ಕಾರಣವೂ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಾಂಪೌಂಡ್ ಗೋಡೆಗೆ ಎದುರಿನ ರಸ್ತೆಯ ಮಧ್ಯದ ಮಟ್ಟದಿಂದ 1.5 ಮೀಟರ್ ಎತ್ತರ ಹೇಳುತ್ತದೆ. ಮೇಲಿನ 0.9 ಮೀಟರ್ ಜಾಲರಿಯಂತೆ ತೆರೆದಿದ್ದರೆ 2.4 ಮೀಟರ್‌ವರೆಗೆ ಬಿಡಬಹುದು ಅನ್ನುತ್ತದೆ. ಅದು ಮಾದರಿ ಅಷ್ಟೇ, ನಿಮ್ಮ ಊರಿನ ಬೈಲಾ ಏನು ಅಂತ ನಿಮ್ಮ ಪಾಲಿಕೆಯಲ್ಲೋ ಪುರಸಭೆಯಲ್ಲೋ ಕೇಳಿಕೊಳ್ಳಿ. ಹೇಗೆ ನೋಡಿದರೂ ಹದಿಮೂರು ಅಡಿ ಗೋಡೆಗೆ ದಾರಿಯೇ ಇಲ್ಲ. ಇನ್ನೊಂದು, ನೆರೆಯವರ ಜಾಗದ ಮೇಲೆ ಬೆಳಕು, ಗಾಳಿ, ದಾರಿಯಂಥ ಹಕ್ಕುಗಳ ಬಗ್ಗೆ ಹೇಳುವ 1882ರ ಈಸ್‌ಮೆಂಟ್ಸ್ ಕಾಯ್ದೆ. ಅದರ 15ನೇ ಸೆಕ್ಷನ್ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ತಕರಾರಿಲ್ಲದೆ ಬೆಳಕು ಗಾಳಿ ಬಂದಿದ್ದರೆ ಅದು ಹಕ್ಕಾಗುತ್ತದೆ. ಹಿಂದಿನದು ಹೊಸ ಕಟ್ಟಡ, ಹಾಗಾಗಿ ಇಲ್ಲಿ ಆ ಪ್ರಶ್ನೆ ಬರುವುದಿಲ್ಲ. ಆದರೆ ನಿಮ್ಮ ಪಕ್ಕದ್ದು ಹಳೇ ಮನೆಯಾಗಿದ್ದು, ಅವರ ಅಡುಗೆಮನೆ ಕಿಟಕಿಯ ಎದುರಿಗೇ ನೀವು ಗೋಡೆ ಏರಿಸಲು ಹೊರಟಿದ್ದರೆ ಒಮ್ಮೆ ಯೋಚಿಸಿ. ಅದೇ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ಖಾಸಗಿತನಕ್ಕೆ ಸಂಬಂಧಿಸಿದ ಒಂದು ಉದಾಹರಣೆಯೂ ಇದೆ. ಊರಿನ ರೂಢಿಯಲ್ಲಿ ಇದ್ದರೆ, ನೆರೆಯವರ ಮರೆ ಕೆಡಿಸುವ ಹಾಗೆ ಹೊಸ ಕಿಟಕಿ ಇಡುವಂತಿಲ್ಲ ಅಂತ. ರೂಢಿ ಇದೆ ಅಂತ ಸಾಬೀತು ಮಾಡುವುದು ಯಾರು? ದಾರ ಹಿಡಿದು ಬಾಲ್ಕನಿಗೆ ಹೋಗುವುದು ಅದಕ್ಕಿಂತ ಸುಲಭ.

ಈಗ ಗಾಳಿಯ ವಿಷಯ. ಬೇಲಿ ಬೀಳಿಸುವುದು ಅದರ ತೂಕವಲ್ಲ, ಗಾಳಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬರುವ ಮುಂಚೆ ಎಂಥ ಗಾಳಿ ಏಳುತ್ತದೆ ಅಂತ ಎಲ್ಲರಿಗೂ ಗೊತ್ತು. ಗಾಳಿಯ ಭಾರಕ್ಕೆ ಐಎಸ್ 875 ಅಂತ ಒಂದು ಭಾರತೀಯ ಮಾನಕ ಇದೆ. ಅದರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ನಾನು ಅದನ್ನೇ ಹಿಡಿದೆ. ಒತ್ತಡದ ಲೆಕ್ಕಕ್ಕೆ ವೇಗವನ್ನು ವೇಗದಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಬೇಕು. ಚದರ ಮೀಟರಿಗೆ 650 ನ್ಯೂಟನ್ ಚಿಲ್ಲರೆ ಬರುತ್ತದೆ, ನಮ್ಮ ಮಾತಲ್ಲಿ 66 ಕೆಜಿ. ಆರು ಅಡಿ ಅಗಲ, ಏಳು ಅಡಿ ಎತ್ತರದ ಒಂದು ಅಂಕಣಕ್ಕೆ, ಅಂದರೆ ಎರಡು ಕಂಬಗಳ ನಡುವಿನ ಭಾಗಕ್ಕೆ, ಹತ್ತಿರ ಹತ್ತಿರ 260 ಕೆಜಿ ತಳ್ಳುವಿಕೆ. ಇದು ಹತ್ತು ಮೀಟರ್ ಎತ್ತರದಲ್ಲಿ ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಗಾಳಿಯ ಲೆಕ್ಕ. ಮನೆಗಳ ನಡುವಿನ ಹಿತ್ತಲಿನಲ್ಲಿ ಅಷ್ಟು ಬರುವುದಿಲ್ಲ, ಪಟ್ಟಿಗಳ ನಡುವೆ ಸಂದು ಇದ್ದರೆ ಇನ್ನೂ ಕಡಿಮೆ. ಆದರೂ ಈ ಅಂಕಿ ನೋಡಿದ ಮೇಲೆ ಕಾಂಪೌಂಡಿನ ತಲೆಗೆ ಬೋಲ್ಟ್ ಹೊಡೆದು ಶೀಟ್ ನಿಲ್ಲಿಸುವ ಯೋಚನೆ ನನಗಂತೂ ಬರಲಿಲ್ಲ. ಆರು ಇಂಚಿನ ಬ್ಲಾಕ್ ಗೋಡೆ ಈ ಪಾಟಿ ಬಾಗುವಿಕೆ ತಡೆಯಲು ಕಟ್ಟಿದ್ದಲ್ಲ. ಸಾಲದ್ದಕ್ಕೆ ಅದು ಇಬ್ಬರಿಗೂ ಸೇರಿದ ಗೋಡೆ.

ಕಂಬಕ್ಕೆ ಮೊದಲು ಕಲ್ಲುಕಂಬ ಯೋಚಿಸಿದೆ. ಕೋಲಾರದ ಕಡೆ ದ್ರಾಕ್ಷಿ ಚಪ್ಪರಕ್ಕೆ ನಿಲ್ಲಿಸುತ್ತಾರಲ್ಲ, ಅಂಥದ್ದು. ಗೆದ್ದಲಿಲ್ಲ, ತುಕ್ಕಿಲ್ಲ, ನೋಡಲೂ ಚೆಂದ. ಆದರೆ ಕಲ್ಲು ಮೇಲಿನ ಭಾರ ಹೊರುವಷ್ಟು ಚೆನ್ನಾಗಿ ಪಕ್ಕದ ತಳ್ಳುವಿಕೆ ತಾಳುವುದಿಲ್ಲ, ಮುರಿಯುವಾಗ ಮುನ್ಸೂಚನೆಯೂ ಕೊಡುವುದಿಲ್ಲ. ಕಬ್ಬಿಣದ ಚೌಕ ಪೈಪಿಗೆ ಹೋದೆ, 72×72 ಮಿಲಿಮೀಟರ್, ದಪ್ಪ 3.2. ಪೈಪು ಸಾಮಾನ್ಯವಾಗಿ 6 ಮೀಟರ್ ಉದ್ದ ಬರುತ್ತದೆ, ಅಂದರೆ 19 ಅಡಿ 8 ಇಂಚು. ಎರಡು ತುಂಡು ಮಾಡಿದರೆ ತಲಾ 9 ಅಡಿ 10 ಇಂಚು. ನೆಲದ ಮೇಲೆ ಏಳು ಅಡಿ, ಒಳಗೆ ಎರಡೂಮುಕ್ಕಾಲು ಅಡಿ ಮೇಲೆ ಸ್ವಲ್ಪ. ಮೇಲಿರುವುದರ ಮೂರನೇ ಒಂದು ಭಾಗವಾದರೂ ನೆಲದೊಳಗೆ ಇರಲಿ ಅನ್ನುವ ಹಳೇ ಲೆಕ್ಕಕ್ಕೂ ಸರಿಹೋಯಿತು. ನಾಲ್ಕು ಕಂಬ, ಎರಡು ಪೈಪು, ಒಂದಿಂಚೂ ವೇಸ್ಟ್ ಇಲ್ಲ. ಬೇಲಿಯ ಎತ್ತರ ತೀರ್ಮಾನಿಸುವಾಗ ಅಂಗಡಿಯಲ್ಲಿ ಸಿಗುವ ಉದ್ದವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಏಳೂವರೆ ಅಡಿ ಬೇಕು ಅಂದಿದ್ದರೆ ಪ್ರತಿ ಕಂಬಕ್ಕೂ ಒಂದು ತುಂಡು ಬೆಸುಗೆ ಹಾಕಿ ಉದ್ದ ಮಾಡಬೇಕಾಗುತ್ತಿತ್ತು.

ಗುಂಡಿ ತೋಡುವ ಮುಂಚೆ ನೆಲದೊಳಗೆ ಏನೇನಿದೆ ಅಂತ ನೋಡಲೇಬೇಕು. ಹಳೇ ಮನೆಗಳಲ್ಲಿ ಬಚ್ಚಲು, ಅಡುಗೆಮನೆ, ಕಕ್ಕಸಿನ ಪೈಪುಗಳೆಲ್ಲ ಹಿತ್ತಲಿನಲ್ಲೇ ಓಡಾಡುತ್ತವೆ. ಎಲ್ಲ ಚೇಂಬರ್ ಮುಚ್ಚಳಗಳನ್ನು ಹುಡುಕಿ, ಒಂದರಿಂದ ಒಂದಕ್ಕೆ ದಾರ ಕಟ್ಟಿದರೆ ಪೈಪು ಹೋಗುವ ದಾರಿ ಬಹುಪಾಲು ಗೊತ್ತಾಗುತ್ತದೆ. ನಮ್ಮ ಹಾಳೆಯ ಮೇಲಿದ್ದ ಮೂಲೆಯ ಕಂಬ ಸರಿಯಾಗಿ ಯುಜಿಡಿ (ಒಳಚರಂಡಿ) ಪೈಪಿನ ಮೇಲೇ ಬರುತ್ತಿತ್ತು, ಒಂದು ಅಡಿ ಸರಿಸಿದೆ. ಬೋರಿನ ವೈರು, ಸಂಪಿಗೆ ಹೋಗುವ ನೀರಿನ ಪೈಪು, ಇವಕ್ಕೆ ಮುಚ್ಚಳ ಇರುವುದಿಲ್ಲ. ಮನೆ ಕಟ್ಟಿದಾಗ ಇದ್ದವರನ್ನು ಕೇಳಬೇಕು. ನಮ್ಮ ಮಟ್ಟಿಗೆ ಅದು ಅತ್ತೆ. ಬೋರಿನ ವೈರು ಕರಿಬೇವಿನ ಗಿಡದ ಆಚೆಯಿಂದ ಹೋಗಿದೆ ಅಂತ ಬೆರಳು ತೋರಿಸಿ ಹೇಳಿದರು, ಅಗೆದಾಗ ಅಲ್ಲೇ ಇತ್ತು.

ಗುಂಡಿ ಒಂದು ಅಡಿ ಚೌಕ, ಮೂರು ಅಡಿ ಆಳ. ತಳಕ್ಕೆ ಎರಡು ಮೂರು ಇಂಚು ಜಲ್ಲಿ, ಅದರ ಮೇಲೆ ಕಂಬ, ಸುತ್ತ 1:2:4 ಕಾಂಕ್ರೀಟ್, ಅಂದರೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ನೆಲದೊಳಗೆ ಹೋಗುವ ಭಾಗಕ್ಕೆ ಬಿಟುಮೆನ್ ಪೇಂಟ್ ಎರಡು ಕೋಟ್, ನೆಲದಿಂದ ಅರ್ಧ ಅಡಿ ಮೇಲಿನವರೆಗೂ. ಕಂಬ ಕೊಳೆಯುವುದು ಆಳದಲ್ಲಲ್ಲ, ನೆಲದ ಮಟ್ಟದಲ್ಲಿ, ನೀರೂ ಗಾಳಿಯೂ ಸೇರುವ ಕುತ್ತಿಗೆಯಲ್ಲಿ. ಹಾಗಾಗಿ ಕಾಂಕ್ರೀಟನ್ನು ನೆಲದಿಂದ ಎರಡು ಇಂಚು ಮೇಲೆ ತಂದು, ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿಸಿ, ಕರಣೆಯಿಂದ ನುಣ್ಣಗೆ ಎಳೆಸಿದೆ. ಮಳೆ ನೀರು ನಿಲ್ಲಬಾರದು. ತೂಗುಗುಂಡು ಬಿಟ್ಟು ಎರಡೂ ಮುಖದಲ್ಲಿ ನೆಟ್ಟಗಿದೆಯಾ ನೋಡಿ, ಸರ್ವೆ ಮರದ ಗಳದ ಊರೆ ಕೊಟ್ಟು, ಗೋಣಿಚೀಲ ಸುತ್ತಿ ಒಂದು ವಾರ ನೀರು ಹಾಕಿದೆವು. ವೆಲ್ಡಿಂಗ್ ಹುಡುಗ ಮಾರನೇ ದಿನವೇ ಬಂದು ನಿಂತಿದ್ದ, "ಅಕ್ಕ, ಗಟ್ಟಿ ಆಗಿದೆ, ಹೊಡೀತೀನಿ" ಅಂತ. ಕಳಿಸಿದೆ. ಪೈಪಿನ ತಲೆಗೆ ಮುಚ್ಚಳ ಬೆಸುಗೆ ಹಾಕಿಸುವುದನ್ನು ಮರೆಯಬೇಡಿ. ತೆರೆದ ಪೈಪಿಗೆ ಮಳೆ ನೀರು ಇಳಿದರೆ ಒಳಗಿನಿಂದಲೇ ತಿನ್ನುತ್ತದೆ, ಹೊರಗಿನ ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ.

ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಓರೆ ಪಟ್ಟಿ. ಬಚ್ಚಲುಮನೆಯ ವೆಂಟಿಲೇಟರಿನಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳಿರುತ್ತವಲ್ಲ, ಬೇಲಿಯೂ ಹಾಗೆಯೇ. ಅಲ್ಲಿ ಹೊರಗಿನ ಅಂಚು ಕೆಳಗೆ, ಒಳಗಿನ ಅಂಚು ಮೇಲೆ. ಮಳೆ ಹೊರಗಿನಿಂದ ಮೇಲಿನಿಂದ ಓರೆಯಾಗಿ ಬೀಳುವುದರಿಂದ ಹಾಗೆ. ಬಾಲ್ಕನಿಯವರ ನೋಟವೂ ಹೊರಗಿನಿಂದ, ಮೇಲಿನಿಂದ, ಓರೆಯಾಗಿಯೇ ಬೀಳುತ್ತದೆ. ಎರಚಲು ತಡೆಯುವ ಓರೆಯೇ ಆ ನೋಟವನ್ನೂ ತಡೆಯುತ್ತದೆ, ಗಾಳಿ ಮಾತ್ರ ಸರಾಗವಾಗಿ ಒಳಗೆ ಬರುತ್ತದೆ. ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ ಸಂದು ಬಿಟ್ಟಿದ್ದರೆ ಗಾಳಿಯೂ ಬರುತ್ತಿತ್ತು, ನೋಟವೂ ಬರುತ್ತಿತ್ತು.

ಪಟ್ಟಿ ನಾಲ್ಕು ಇಂಚು ಅಗಲ, 45 ಡಿಗ್ರಿ ಓರೆ. ಹಾಗೆ ಓರೆ ಮಾಡಿದಾಗ ಅದರ ನೆಟ್ಟಗಿನ ಎತ್ತರ ಮತ್ತು ಅಡ್ಡ ಆಳ ಎರಡೂ ಸುಮಾರು 2.8 ಇಂಚು. ನೋಟ ಅಡಿಗೆ ಎಂಟು ಇಂಚು ಇಳಿಯುತ್ತದೆ ಅಂದರೆ ಮೂರಕ್ಕೆ ಎರಡು ಪಾಲು. 2.8ಕ್ಕೆ ಅದರ ಮೂರನೇ ಎರಡು ಪಾಲು ಸೇರಿಸಿದರೆ 4.7 ಇಂಚು. ಪಟ್ಟಿಯಿಂದ ಪಟ್ಟಿಗೆ ಇದಕ್ಕಿಂತ ಕಡಿಮೆ ದೂರ ಇದ್ದರೆ ಮೊದಲ ಮಹಡಿಗೆ ಏನೂ ಕಾಣುವುದಿಲ್ಲ. ನಾಲ್ಕು ಇಂಚು ಇಟ್ಟೆ. ಎರಡನೇ ಮಹಡಿಯ ನೋಟ ಇನ್ನೂ ಕಡಿದಾದದ್ದರಿಂದ ಅದಕ್ಕೆ ಇನ್ನೂ ಸುಲಭ. ಆದರೆ ನೆಲಮಹಡಿಯ ಬಾಡಿಗೆಯವರ ಅಡುಗೆಮನೆ ಕಿಟಕಿಯಿಂದ ನೋಟ ಹೆಚ್ಚುಕಡಿಮೆ ನೇರ. ಆ ಮನೆಯ ತಳಪಾಯ ಎರಡು ಅಡಿ ಎತ್ತರ, ಹಾಗಾಗಿ ಐದು ಅಡಿಯ ಕಾಂಪೌಂಡ್ ಅವರ ಕಣ್ಣಿಗೆ ಸಾಲುವುದಿಲ್ಲ. ಅದಕ್ಕೆ ಬೇಲಿಯ ಮೂರರಿಂದ ಐದು ಅಡಿ ಎತ್ತರದ ಭಾಗದಲ್ಲಿ ಮಾತ್ರ ಪಟ್ಟಿಗಳನ್ನು ಮೂರೂಕಾಲು ಇಂಚಿಗೊಂದರಂತೆ ಒತ್ತಾಗಿ ಇಡಿಸಿದೆ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಕೆಳಗೆ ಎಂಟು ಇಂಚು ಪೂರ್ತಿ ಖಾಲಿ. ಕಸ ಗುಡಿಸಲು ಆಗಬೇಕು, ಹಾವು ಗೀವು ಇದ್ದರೆ ಕಾಣಬೇಕು.

ಪಟ್ಟಿ ಕೂರಿಸಲು ಕಂಬಗಳಿಗೆ ಸಣ್ಣ ಎಲ್ ಕ್ಲ್ಯಾಂಪುಗಳು. ಪ್ರತಿಯೊಂದನ್ನೂ 45ಕ್ಕೆ ಕಣ್ಣಳತೆಯಲ್ಲಿ ಬೆಸುಗೆ ಹಾಕಿದರೆ ಸಾಲು ಡೊಂಕಾಗುವುದು ಖಚಿತ. ಹುಡುಗ ಪ್ಲೈವುಡ್ಡಿನಲ್ಲಿ ಒಂದು ತ್ರಿಕೋನದ ಅಚ್ಚು ಕತ್ತರಿಸಿಕೊಂಡ. ಅದನ್ನು ಹಿಂದಿನ ಕ್ಲ್ಯಾಂಪಿನ ಮೇಲೆ ಕೂರಿಸಿ, ಮುಂದಿನದನ್ನು ಅದರ ಮೇಲೆ ಒರಗಿಸಿ, ಒಂದು ಚುಕ್ಕಿ ಬೆಸುಗೆ, ಅಚ್ಚು ತೆಗಿ, ಪೂರ್ತಿ ಬೆಸುಗೆ. ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಆರು ಅಡಿಯ ಅಂಕಣಕ್ಕೆ ನಡುವೆ ಒಂದು ತೆಳು ಪೈಪು ಬೇಕು, ಇಲ್ಲದಿದ್ದರೆ ಪಟ್ಟಿ ಜೋಲುತ್ತದೆ.

ಪಟ್ಟಿಗೆ ಮರ ಹಳೇ ತೇಗ. ಮೈಸೂರಿನಲ್ಲಿ ಹಳೇ ಮನೆ ಕೆಡವಿದ ಮರ ಮಾರುವವರು ಇನ್ನೂ ಇದ್ದಾರೆ. ಜಂತೆ, ತೊಲೆ, ಬಾಗಿಲ ಚೌಕಟ್ಟು ಎಲ್ಲ ಸಿಗುತ್ತದೆ. ವರ್ಷಗಟ್ಟಲೆ ಸೂರಿನಡಿ ಒಣಗಿದ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ತೊಂದರೆ ಅಂದರೆ ಮೊಳೆ. ಕೊಯ್ಯುವ ಮುಂಚೆ ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು, ಕಪ್ಪು ಕಲೆ ಕಂಡಲ್ಲೆಲ್ಲ ಉಳಿಯಿಂದ ಕೆದಕಿ ಮೊಳೆ ಕೀಳಬೇಕು. ಮೊಳೆಯ ಸುತ್ತ ತೇಗ ಕಪ್ಪಾಗಿರುತ್ತದೆ, ಅದೇ ಗುರುತು. ತಲೆ ಮುರಿದ ಮೊಳೆಗಳು ಮರದೊಳಗೇ ಕೂತಿರುತ್ತವೆ. ಅವಕ್ಕೆ ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಮೆಲ್ಲಗೆ ಎಳೆಯುತ್ತಾ ಹೋದೆ, ಎಲ್ಲಿ ತಡೆಯಿತೋ ಅಲ್ಲಿ ಸೀಮೆಸುಣ್ಣದ ಗುರುತು. ಬಡಗಿಗೆ ಇದು ಹಿಡಿಸಿತು, ಬ್ಲೇಡು ಅವರದ್ದೇ ಅಲ್ವಾ.

ವಾರ್ನಿಷ್ ಹೊಡೆಸಲಿಲ್ಲ. ಬಿಸಿಲು ಮಳೆಗೆ ಅದು ಸಿಪ್ಪೆ ಏಳುತ್ತದೆ, ಆಮೇಲೆ ಉಜ್ಜಿ ತೆಗೆಯುವುದೇ ದೊಡ್ಡ ಕೆಲಸ. ಕುದಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಬಟ್ಟೆಯಲ್ಲಿ ಹಚ್ಚಿದೆವು. ಒಂದು ಎಚ್ಚರಿಕೆ, ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ. ಪಟ್ಟಿಗಳ ಕೊಯ್ದ ತುದಿಗಳಿಗೆ ಮಾತ್ರ ಗೇರು ಎಣ್ಣೆ. ಕರಾವಳಿಯಲ್ಲಿ ಮರಕ್ಕೆ ಗೆದ್ದಲು ಹತ್ತದಂತೆ ಹಚ್ಚುತ್ತಾರಲ್ಲ, ಅದು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಪಶ್ಚಿಮದ ಚಿಕ್ಕ ತೋಳಿಗೆ ಬಿದಿರಿನ ತಡಿಕೆ. ಅಲ್ಲಿ ನೋಟ ಬರುವುದು ಮೆಟ್ಟಿಲು ಹತ್ತಿ ಇಳಿಯುವವರಿಂದ ಮಾತ್ರ, ತೇಗ ದಂಡ. ಮೇದರಕೇರಿಗೆ ಹೋಗಿ ಅಳತೆ ಕೊಟ್ಟು ಹೆಣೆಸಿದೆ. ಹೆಣೆಯುವ ಅಮ್ಮ ಮೊದಲು ಕೇಳಿದ್ದು, "ಮಳೆ ಯಾವ ಕಡೆಯಿಂದ ಹೊಡೀತದೆ ತಾಯಿ?" ಅಂತ. ದಬ್ಬೆಯ ಹೊರಮೈ ನುಣುಪು, ನೀರು ಜಾರುತ್ತದೆ. ಒಳಮೈ ಮೆತ್ತಗೆ, ಹುಳ ಹಿಡಿಯುವುದು ಅಲ್ಲೇ. ಹೊರಮೈ ಎಲ್ಲವೂ ಮಳೆಯ ಕಡೆಗೆ ಬರುವಂತೆ ಹೆಣೆದುಕೊಟ್ಟರು. ಬಿದಿರಿನಲ್ಲಿರುವ ಪಿಷ್ಟಕ್ಕೆ ಕೊರೆಯುವ ಹುಳ ಬರುತ್ತದೆ, ಕೆಳಗೆ ಹಳದಿ ಪುಡಿ ಉದುರುತ್ತದಲ್ಲ, ಅದು. ದಬ್ಬೆ ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಹತ್ತುವುದಿಲ್ಲ. ಆದರೆ ಆ ಮದ್ದು ಮಳೆಗೆ ತೊಳೆದುಹೋಗುತ್ತದೆ, ಅದಕ್ಕೇ ತಡಿಕೆಯ ತಲೆಗೆ ಒಂದು ತಗಡಿನ ಟೋಪಿ ಹಾಕಿಸಿದೆ. ಇಷ್ಟಾದರೂ ತಡಿಕೆ ಕೆಲವು ವರ್ಷದ ಮಾತು. ಚೌಕಟ್ಟಿಗೆ ನಟ್ ಬೋಲ್ಟಿನಲ್ಲಿ ಸೇರಿಸಿದ್ದೇನೆ, ಬಿಚ್ಚಿ ಬೇರೆ ಹಾಕಬಹುದು.

ಬೇರೆ ಏನೇನು ಬೇಡ ಅಂದೆ ಅಂತ ಕೇಳುವವರಿಗೆ: ಹಸಿರು ಶೇಡ್ ನೆಟ್ ಅಗ್ಗ, ಆದರೆ ಬಿಸಿಲಿಗೆ ಹರಿದು ಚಿಂದಿಯಾಗುತ್ತದೆ. ತಗಡಿನ ಶೀಟು ಮಳೆ ಬಂದರೆ ಮಾತು ಕೇಳಿಸುವುದಿಲ್ಲ, ಬಿಸಿಲಿಗೆ ಕಾದು ಕೂರಲಾಗುವುದಿಲ್ಲ. ಅಶೋಕದ ಸಾಲು ನೆಡಿ ಅಂದವರು ಬಹಳ. ಎತ್ತರ ಏನೋ ಬರುತ್ತದೆ, ಬರುವ ಹೊತ್ತಿಗೆ ವರ್ಷಗಳು ಕಳೆಯುತ್ತವೆ, ಎಲೆ ಉದುರುವುದು ಪಕ್ಕದವರ ಅಂಗಳಕ್ಕೆ, ಬೇರು ಹೋಗುವುದು ನಮ್ಮ ಯುಜಿಡಿ ಪೈಪಿಗೆ. ಬಳ್ಳಿ ಬೇರೆ ಮಾತು. ಚಪ್ಪರಕ್ಕೆ ಮೊದಲ ವರ್ಷ ತೊಂಡೆ ಹಬ್ಬಿಸಿದೆ, ಕಡ್ಡಿ ನೆಟ್ಟರೆ ಸಾಕು ನೋಡನೋಡುತ್ತ ಮುಚ್ಚಿಬಿಡುತ್ತದೆ. ಜೊತೆಗೇ ಕರ್ಟನ್ ಕ್ರೀಪರ್ ನೆಟ್ಟಿದ್ದೆ. ಅದು ನಿಧಾನ, ಆದರೆ ಹಬ್ಬಿದ ಮೇಲೆ ಎಳೆ ಎಳೆಯಾಗಿ ಕೆಳಗೆ ಇಳಿಬೀಳುತ್ತದೆ. ಈಗ ತೊಂಡೆ ತೆಗೆಯಬೇಕು ಅಂದರೆ ಅತ್ತೆ ಬಿಡುವುದಿಲ್ಲ.

ಖರ್ಚಿನ ಬಗ್ಗೆ ಅಂಕಿ ಕೊಡುವುದಿಲ್ಲ, ಕಬ್ಬಿಣದ ದರ ತಿಂಗಳಿಗೊಂದು. ಆದರೆ ಚೌಕಾಸಿಗೆ ಒಂದು ದಾರಿ ಇದೆ. ಚದರಡಿಗೆ ಇಷ್ಟು ಅಂತ ಹೇಳುವವರಿಗೆ ಪೈಪಿನ ದಪ್ಪ ಎಷ್ಟು ಅಂತ ಕೇಳಿ, ತೂಕದ ಲೆಕ್ಕದಲ್ಲಿ ಕೊಡಿ ಅನ್ನಿ. 72ರ ಪೈಪು 3.2 ದಪ್ಪದಲ್ಲಿ ಮೀಟರಿಗೆ ಆರೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗಬೇಕು. ಆರು ಮೀಟರಿನ ಒಂದು ಪೈಪು ಸುಮಾರು 40 ಕೆಜಿ. ತಕ್ಕಡಿಯಲ್ಲಿ ಮೂವತ್ತು ತೋರಿಸಿದರೆ ಅದು ತೆಳು ಪೈಪು, ಹೊರಗಿನ ಅಳತೆ ಎಷ್ಟೇ ಸರಿ ಇರಲಿ.

ನಮ್ಮಷ್ಟು ಜಾಗ ಇಲ್ಲದವರು ಏನು ಮಾಡಬೇಕು ಅಂತ ಬೆಂಗಳೂರಿನಲ್ಲಿರುವ ನನ್ನ ತಂಗಿ ಕೇಳಿದಳು. ಅವಳದು 30×40, ಹಿಂದೆ ಐದೇ ಅಡಿ. ಅಲ್ಲಿ ಬೇಲಿಯನ್ನು ಒಳಗೆ ತರಲು ಜಾಗವೇ ಇಲ್ಲ. ದಾರ ಹಿಡಿಸಿ ನೋಡಿದರೆ ಕಾಂಪೌಂಡಿನಲ್ಲಿ ಎಂಟೂವರೆ ಅಡಿ ಬೇಕಾಗುತ್ತದೆ. ಅವಳಿಗೆ ನಾನು ಹೇಳಿದ್ದು, ನೆಲದಿಂದ ಏನೂ ಎಬ್ಬಿಸಬೇಡ. ಮನೆಯ ಗೋಡೆಯಿಂದ ಎಂಟು ಅಡಿ ಎತ್ತರದಲ್ಲಿ ಮೂರು ಅಡಿ ಚಪ್ಪರ ಚಾಚಿಸು, ಅದರ ಹೊರ ಅಂಚಿನಿಂದ ಮೂರು ಅಡಿ ತಡಿಕೆ ಇಳಿಬಿಡು. ಮೇಲಿನವರ ನೋಟ ಆ ಮೂರು ಅಡಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಕೆಳಗಿನವರದ್ದನ್ನು ಐದು ಅಡಿಯ ಕಾಂಪೌಂಡ್ ನೋಡಿಕೊಳ್ಳುತ್ತದೆ, ನಡುವಿನ ಸಂದಿನಲ್ಲಿ ಗಾಳಿ ಬರುತ್ತದೆ. ಚಪ್ಪರಕ್ಕೆ ಕಂಬವೂ ಬೇಡ, ಗೋಡೆಗೆ ಬ್ರಾಕೆಟ್ ಸಾಕು. ಬ್ರಾಕೆಟ್ಟಿನ ಬೋಲ್ಟು ಮಾತ್ರ ಬೀಮಿಗೋ ಕಾಲಂಗೋ ಬೀಳುವ ಹಾಗೆ ನೋಡಿಕೋ, ಬರೀ ಇಟ್ಟಿಗೆಗೆ ಹೊಡೆಸಬೇಡ ಅಂದೆ.